ಅವಧಾನವೂ ಮನಸ್ಸಿನ ಆರೋಗ್ಯವೂ

(ಶ್ರೀಮಠದ ಅಮೃತಮಹೋತ್ಸವದ ಅಂಗವಾಗಿ ಜರುಗಿದ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣ, ಷಟ್ಸ್ಥಲಶಾಸ್ತ್ರಗಳನ್ನು ಪಾಠಶಾಲೆಯಲ್ಲಿ ಓದಿ ಅವನ್ನೇ ವಟುಗಳಿಗೆ ಹೇಳಿಕೊಡುತ್ತ ಬಂದವನಿಗೆ ಈ ದಿನ ಒಪ್ಪಿಸಿರುವ ವಿಷಯವು ವೈದ್ಯರ ಪಾಲಿನದೆಂದು ಕೆಲವರಿಗೆ ತೋರಬಹುದು. ಚಿತ್ತವನ್ನು ಎಚ್ಚರದಿಂದ ಒಂದೆಡೆ ನಿಲ್ಲಿಸುವ ಅಭ್ಯಾಸದಿಂದ ಮನಸ್ಸಿನ ರೋಗಗಳಿಗೆ ಉಪಶಮನವಾಗುವದೆಂಬದು ಶಾಸ್ತ್ರೀಯ ಪ್ರಯೋಗಗಳಿಂದ ಸಿದ್ಧವಾಗಿದೆಯೆ ಎಂಬದೇ ಆ ವಿಷಯ. ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹೆಸರು ಕೊಯ್ಲಿಗೆ ಬಂದ ಕಾಲಕ್ಕೆ ಮಳೆ ಹಿಡಿದು ಕಾಯಿ ಗಿಡದಲ್ಲಿಯೇ ಮೊಳೆತುಹೋದ ವರ್ಷ, ಬೆಣ್ಣೆಹಳ್ಳವು ದಂಡೆ ಮೀರಿ ಹೊಲವನ್ನು ಕೊಚ್ಚಿದ ವರ್ಷ, ಮಠದ ಜಗಲಿಯ ಮೇಲೆ ಬಂದು ಕುಳಿತು "ಅಜ್ಜಾರ, ರಾತ್ರಿ ಕಣ್ಣಿಗೆ ಕಣ್ಣು ಹತ್ತವಲ್ದು" ಎನ್ನುವವರ ಸಂಖ್ಯೆ ಹೆಚ್ಚುವದನ್ನು ನೀವೆಲ್ಲರೂ ಬಲ್ಲಿರಿ. ಅವರಿಗೆ ಮಠವು ಏನು ಹೇಳಬೇಕು? ಲಿಂಗಪೂಜೆ ಮಾಡಿರಿ, ಎಲ್ಲ ಸರಿಹೋಗುವದು ಎಂದು ಹೇಳಿದರೆ ಸಾಕೆ? ಸಾಲದೆಂದು ನನ್ನ ನಿಶ್ಚಿತವಾದ ಅಭಿಪ್ರಾಯ. ಅದರ ಕಾರಣಗಳನ್ನು ನಿಮ್ಮ ಮುಂದಿಡುವದಕ್ಕಾಗಿಯೇ ನಾನು ಎದ್ದು ನಿಂತಿರುವೆನು.

ಮೊದಲು ಶಬ್ದವನ್ನು ವಿಚಾರಿಸೋಣ. ಇಂದು ಪಾಶ್ಚಾತ್ಯ ವೈದ್ಯರು 'ಮೈಂಡ್‌ಫುಲ್‌ನೆಸ್' ಎಂದು ಕರೆಯುವ ಅಭ್ಯಾಸದ ಮೂಲವು ಬೌದ್ಧರ 'ಸತಿ' ಎಂಬ ಪಾಲಿ ಶಬ್ದದಲ್ಲಿದೆ. ಅದರ ಸಂಸ್ಕೃತ ರೂಪವು 'ಸ್ಮೃತಿ'. ಈ ಕ್ಷಣದಲ್ಲಿ ಒಳಗೂ ಹೊರಗೂ ನಡೆಯುತ್ತಿರುವದನ್ನು, ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡದೆ, ಮರೆಯದೆ ನೋಡುತ್ತಿರುವದೇ ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ ಹೊಸ ಶಬ್ದವನ್ನು ಟಂಕಿಸಲು ಹಲವರು ಶ್ರಮಿಸುತ್ತಿರುವರು. ಆದರೆ ನಮ್ಮ ಷಟ್ಸ್ಥಲಶಾಸ್ತ್ರದಲ್ಲಿ ಆ ಶಬ್ದವು ಮೊದಲೇ ಇದೆ. ಭಕ್ತನದು ಶ್ರದ್ಧಾಭಕ್ತಿ, ಮಾಹೇಶನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ. ಕಣ್ಣಿಗೆ ಬಂದ ರೂಪವನ್ನು, ನಾಲಗೆಗೆ ಬಂದ ರುಚಿಯನ್ನು, ಕಿವಿಗೆ ಬಿದ್ದ ಶಬ್ದವನ್ನು ಲಿಂಗಕ್ಕೆ ಅರ್ಪಿಸದೆ ಕೊಳ್ಳಲೊಲ್ಲದವನು ಪ್ರಸಾದಿ. ಅರ್ಪಿಸಬೇಕಾದರೆ ಅದು ಬಂದುದು ಮೊದಲು ಅರಿವಿಗೆ ಬರಬೇಕಷ್ಟೆ! ಅರಿಯದೆ ನುಂಗಿದ ತುತ್ತನ್ನು ಅರ್ಪಿಸುವದೆಂತು? ಆದುದರಿಂದ ಬಂದುದಕ್ಕೂ ಕೊಂಡುದಕ್ಕೂ ನಡುವೆ ಒಂದು ಕ್ಷಣದ ಎಚ್ಚರವನ್ನು ಇರಿಸಿಕೊಳ್ಳುವದೇ ಅವಧಾನ. ಶರಣರು ಅರಿವು–ಮರವೆ ಎಂದು ಮತ್ತೆ ಮತ್ತೆ ಜೋಡಿಸಿ ಹೇಳುವದು ಈ ಕ್ಷಣವನ್ನು ಕುರಿತೇ ಎಂದು ನಾನು ತಿಳಿದಿದ್ದೇನೆ. ಬುದ್ಧನ ಮಾರ್ಗವನ್ನೂ ಬಸವಣ್ಣನವರ ಮಾರ್ಗವನ್ನೂ ಎದುರೆದುರಿಗೆ ಇರಿಸಿ ನೋಡುವ ಕಾರ್ಯವು ನಮ್ಮ ಧಾರವಾಡಕ್ಕೆ ಹೊಸತಲ್ಲ. ನವಕಲ್ಯಾಣಮಠದ ಶ್ರೀ ಕುಮಾರಸ್ವಾಮಿಗಳು ಸನ್ 1957 ರಷ್ಟು ಹಿಂದೆಯೇ 'ಬುದ್ಧ ಮತ್ತು ಬಸವ' ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು.

ಶಬ್ದ ನಮ್ಮದೆಂದ ಮಾತ್ರಕ್ಕೆ ಪ್ರಯೋಗವೂ ನಮ್ಮದೆಂದು ಹೇಳಿಕೊಳ್ಳುವದು ತರವಲ್ಲ. ಅವಧಾನವನ್ನು ಆಸ್ಪತ್ರೆಯೊಳಕ್ಕೆ ಕರೆದೊಯ್ದವರು ಅಮೇರಿಕೆಯ ಜಾನ್ ಕಬಾಟ್-ಜಿನ್ ಎಂಬವರು. ಸನ್ 1979 ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ಔಷಧಗಳಿಂದ ಶಮನವಾಗದ ದೀರ್ಘಕಾಲದ ನೋವುಳ್ಳವರನ್ನು ಕೂಡಿಸಿ, ಶ್ವಾಸದ ಮೇಲೆಯೂ ಶರೀರದ ಅಂಗಾಂಗಗಳ ಮೇಲೆಯೂ ಅವಧಾನವನ್ನಿರಿಸುವದನ್ನು ಅವರು ಕಲಿಸತೊಡಗಿದರು. ಈಗ ಅದು ಎಂಟು ವಾರಗಳ ಶಿಕ್ಷಣಕ್ರಮವಾಗಿ ಲೋಕದಲ್ಲೆಲ್ಲ ಹಬ್ಬಿದೆ. ಸನ್ 1982 ರಲ್ಲಿ ಅವರು 51 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಬಹುಮಂದಿಗೆ ನೋವು ತಗ್ಗಿತ್ತು. ಆದರೆ ಅಭ್ಯಾಸ ಮಾಡದ ಬೇರೊಂದು ಗುಂಪನ್ನು ಹೋಲಿಕೆಗಾಗಿ ಇರಿಸಿಕೊಂಡಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೋಲಿಕೆ ಯಾತಕ್ಕೆ? ಒಕ್ಕಲುತನದವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಹೊಸ ತಳಿಯ ಕಡಲೆಯನ್ನು ಒಬ್ಬನು ಬಿತ್ತಿದನು, ಬೆಳೆ ಹುಲುಸಾಗಿ ಬಂದಿತು. ಬೀಜದ ಗುಣವೋ? ಆ ವರ್ಷದ ಹಿಂಗಾರಿಯ ಗುಣವೋ? ಹೊಲದ ಕಸುವೋ? ಒಂದು ಹೊಲವನ್ನೇ ನೋಡಿದರೆ ಹೇಳಲು ಬಾರದು. ಅದಕ್ಕಾಗಿಯೇ ಕೃಷಿಶಾಸ್ತ್ರಜ್ಞರು ಒಂದೇ ಎರೆಹೊಲವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ವಿಭಾಗಿಸಿ, ಯಾವ ಪಟ್ಟಿಗೆ ಯಾವ ಬೀಜವೆಂಬದನ್ನು ತಮ್ಮ ಇಚ್ಛೆಯಂತಲ್ಲ, ಚೀಟಿ ಎತ್ತಿದಂತೆ ನಿರ್ಣಯಿಸಿ, ಒಂದೇ ದಿನ ಬಿತ್ತಿ, ಒಂದೇ ದಿನ ಕೊಯ್ದು ತೂಗುವರು. ವೈದ್ಯಶಾಸ್ತ್ರದಲ್ಲಿ ಮನುಷ್ಯರನ್ನು ಹೀಗೆಯೇ ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಅಭ್ಯಾಸವನ್ನೂ ಇನ್ನೊಂದಕ್ಕೆ ಬೇರೆ ಚಿಕಿತ್ಸೆಯನ್ನೂ ಕೊಟ್ಟು ನೋಡುವರು. ಮನೋರೋಗಗಳಲ್ಲಿ ಈ ಎಚ್ಚರವು ಇನ್ನೂ ಹೆಚ್ಚಾಗಿ ಬೇಕು. ಏಕೆಂದರೆ ಅನೇಕರ ದುಃಖವು ಕಾಲಗತಿಯಿಂದ ತಾನಾಗಿಯೇ ಇಳಿಯುವದು, ಆಗ ಯಾರು ಸಮೀಪದಲ್ಲಿದ್ದರೋ ಅವರಿಗೆ ಕೀರ್ತಿ ಬರುವದು. ತಾಯಿತ ಕಟ್ಟಿದವನ ಕೀರ್ತಿಯೂ ಬಹುಮಟ್ಟಿಗೆ ಹೀಗೆಯೇ ಬಂದದ್ದು.

ಇಂಥ ತೂಕದ ಪ್ರಯೋಗಗಳಲ್ಲಿ ನನಗೆ ಅತ್ಯಂತ ಮನನೀಯವಾಗಿ ಕಂಡದ್ದು ಸನ್ 2000 ದಲ್ಲಿ ಪ್ರಕಟವಾದುದು. ಟೀಸ್‌ಡೇಲ್, ಸೀಗಲ್, ವಿಲಿಯಮ್ಸ್ ಮೊದಲಾದ ಮನೋವಿಜ್ಞಾನಿಗಳು, ಖಿನ್ನತೆಯಿಂದ ಬಳಲಿ ಈಗ ಗುಣಮುಖರಾಗಿದ್ದ 145 ಮಂದಿಯನ್ನು ತೆಗೆದುಕೊಂಡರು. ಖಿನ್ನತೆಯ ದುಷ್ಟಸ್ವಭಾವವೇನೆಂದರೆ, ಅದು ಹೋದಂತೆ ಮಾಡಿ ಮತ್ತೆ ಬರುವದು. ಅದು ಮರಳಿ ಬಾರದಂತೆ ಅವಧಾನವು ತಡೆಯಬಲ್ಲುದೆ ಎಂಬದೇ ಪ್ರಶ್ನೆ. ಮೂರು ಸಲವೋ ಅದಕ್ಕಿಂತ ಹೆಚ್ಚು ಸಲವೋ ಖಿನ್ನತೆಗೆ ಒಳಗಾಗಿದ್ದವರಲ್ಲಿ, ಎಂದಿನ ಚಿಕಿತ್ಸೆಯೊಂದನ್ನೇ ಪಡೆದವರ ಪೈಕಿ ನೂರಕ್ಕೆ 66 ಮಂದಿಗೆ ಸುಮಾರು ಒಂದು ವರ್ಷದಲ್ಲಿ ರೋಗವು ಮರಳಿತು. ಅವಧಾನವನ್ನೂ ಕಲಿತವರಲ್ಲಿ ನೂರಕ್ಕೆ 37 ಮಂದಿಗೆ ಮಾತ್ರ ಮರಳಿತು. ಆದರೆ ಎರಡೇ ಸಲ ಬಿದ್ದಿದ್ದವರಿಗೆ ಈ ಲಾಭವು ಕಾಣಲಿಲ್ಲ! ಇದು ಹೇಗೆ?

ನಮ್ಮ ಎರೆಸೀಮೆಯ ದಾರಿಯನ್ನು ನೆನಪಿಸಿಕೊಳ್ಳಿರಿ. ಹಸಿಯಿದ್ದಾಗ ಒಂದು ಚಕ್ಕಡಿ ಹೋದರೆ ಗಾಲಿಯ ಗುರುತು ಬೀಳುವದು. ಅದರಲ್ಲಿಯೇ ಹತ್ತು ಚಕ್ಕಡಿ ಹೋದರೆ ಅದು ಆಳವಾದ ಜಾಡಾಗುವದು. ಒಣಗಿದ ಬಳಿಕ ಎತ್ತುಗಳನ್ನು ಯಾವ ಕಡೆಗೆ ಹೊಡೆದರೂ ಗಾಲಿಯು ಆ ಜಾಡಿಗೇ ಇಳಿಯುವದು. ಮನಸ್ಸೂ ಹಾಗೆಯೇ. 'ನಾನು ಕೆಲಸಕ್ಕೆ ಬಾರದವನು, ನನ್ನಿಂದಲೇ ಮನೆ ಹಾಳಾಯಿತು' ಎಂಬ ವಿಚಾರವು ಮೊದಲ ಸಲ ಬರುವದು ಯಾವದೋ ಹೊರಗಿನ ಪೆಟ್ಟಿನಿಂದ: ಬೆಳೆ ಹೋದದ್ದು, ಮಗಳ ಮದುವೆ ಮುರಿದದ್ದು, ಬ್ಯಾಂಕಿನ ನೋಟೀಸು. ಮೂರು ನಾಲ್ಕು ಸಲ ಆ ದಾರಿಯಲ್ಲಿ ಓಡಾಡಿದ ಮೇಲೆ ಹೊರಗಿನ ಪೆಟ್ಟೇ ಬೇಕಾಗುವದಿಲ್ಲ. ಒಂದು ಸಂಜೆಯ ಸಣ್ಣ ಬೇಸರವೇ ಸಾಕು, ಗಾಲಿಯು ಜಾಡಿಗೆ ಇಳಿಯುವದು. ಅವಧಾನವು ಈ ಜಾಡನ್ನು ಮುಚ್ಚಲಾರದು. ಗಾಲಿ ಅದರೊಳಕ್ಕೆ ಹೊರಳುತ್ತಿರುವ ಕ್ಷಣವನ್ನು ಕಾಣಿಸಬಲ್ಲುದು. 'ನಾನು ಕೆಲಸಕ್ಕೆ ಬಾರದವನು' ಎಂದು ನಂಬುವದು ಬೇರೆ. 'ಇಗೋ, ಆ ವಿಚಾರವು ಮತ್ತೆ ಬಂದಿದೆ' ಎಂದು ನೋಡುವದು ಬೇರೆ. ಎರಡನೆಯದನ್ನು ಕಲಿತವನು ಹಗ್ಗವನ್ನು ಇನ್ನೂ ಕೈಯಲ್ಲಿ ಹಿಡಿದಿರುವನು. ಮೂರು ಸಲ ಬಿದ್ದವರಿಗೆ ಲಾಭವಾಗಿ ಎರಡು ಸಲದವರಿಗೆ ಆಗದಿದ್ದ ರಹಸ್ಯವು ಇದೇ ಎಂದು ಆ ಪಂಡಿತರು ಊಹಿಸಿದರು. ಪ್ರಸಾದಿಸ್ಥಲವನ್ನು ಓದಿದವರಿಗೆ ಈ ಊಹೆಯು ಅಪರಿಚಿತವೆನಿಸಲಾರದು.

ಅನಂತರದ ಪ್ರಯೋಗಗಳನ್ನು ಬೇಗನೆ ಹೇಳಿಬಿಡುವೆನು. ಸನ್ 2016 ರಲ್ಲಿ ಇಂಥ 9 ಪ್ರಯೋಗಗಳ 1258 ಮಂದಿಯ ಲೆಕ್ಕವನ್ನು ಒಟ್ಟುಗೂಡಿಸಿದಾಗ, 60 ವಾರಗಳಲ್ಲಿ ಖಿನ್ನತೆ ಮರಳಿದವರು ಅವಧಾನವನ್ನು ಕಲಿತವರಲ್ಲಿ ನೂರಕ್ಕೆ 38, ಕಲಿಯದವರಲ್ಲಿ ನೂರಕ್ಕೆ 49 ಎಂದಾಯಿತು. ಅಂತರವು ಮೊದಲಿನದಕ್ಕಿಂತ ಕುಗ್ಗಿತು, ಆದರೆ ಉಳಿಯಿತು. ಸನ್ 2014 ರಲ್ಲಿ ನಾನಾ ವಿಧದ ಧ್ಯಾನಗಳ 47 ಪ್ರಯೋಗಗಳನ್ನು ಕೂಡಿಸಿ ನೋಡಿದವರು, ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಮಧ್ಯಮ ಪ್ರಮಾಣದ ಆಧಾರವುಂಟು, ಆದರೆ ಔಷಧ, ವ್ಯಾಯಾಮಗಳಿಗಿಂತ ಧ್ಯಾನವು ಮೇಲೆಂಬುದಕ್ಕೆ ಆಧಾರವಿಲ್ಲವೆಂದು ಬರೆದರು. ಅಮೇರಿಕೆಯಲ್ಲಿ ಆತಂಕರೋಗವುಳ್ಳ 276 ಮಂದಿಯನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಎಂಟು ವಾರಗಳ ಅವಧಾನಶಿಕ್ಷಣವನ್ನೂ ಇನ್ನೊಂದಕ್ಕೆ ಎಸಿಟಲೋಪ್ರಾಮ್ ಎಂಬ ಗುಳಿಗೆಯನ್ನೂ ಕೊಟ್ಟು ನೋಡಿದ ಪ್ರಯೋಗವು ಸನ್ 2023 ರಲ್ಲಿ ಅಚ್ಚಾಯಿತು; ಅಭ್ಯಾಸವು ಗುಳಿಗೆಗಿಂತ ಕಡಿಮೆಯಾಗಿ ತೋರಲಿಲ್ಲ.

ನಮ್ಮ ನಾಡಿನಲ್ಲಿಯೂ ಇಂಥ ಕಾರ್ಯವು ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಜಾನಕಿರಾಮಯ್ಯ, ಡಾ. ಗಂಗಾಧರ ಮೊದಲಾದವರು, ತೀವ್ರವಾದ ಖಿನ್ನತೆಯಿಂದ ಆಸ್ಪತ್ರೆಯನ್ನು ಸೇರಿದ 45 ಮಂದಿಯನ್ನು ಹದಿನೈದು ಹದಿನೈದರ ಮೂರು ಗುಂಪು ಮಾಡಿದರು. ಮೊದಲನೆಯದಕ್ಕೆ ವಿದ್ಯುತ್‌ಚಿಕಿತ್ಸೆ, ಎರಡನೆಯದಕ್ಕೆ ಇಮಿಪ್ರಮಿನ್ ಎಂಬ ಔಷಧ, ಮೂರನೆಯದಕ್ಕೆ ಸುದರ್ಶನಕ್ರಿಯೆ ಎಂಬ ಶ್ವಾಸದ ಅಭ್ಯಾಸ. ನಾಲ್ಕು ವಾರಗಳ ಮೇಲೆ ರೋಗವು ಇಳಿದವರು ಕ್ರಮವಾಗಿ ನೂರಕ್ಕೆ 93, 73, 67. ಇದು ಸನ್ 2000 ದಲ್ಲಿ ಪ್ರಕಟವಾಯಿತು. ಗುಂಪುಗಳು ಸಣ್ಣವು; ಶ್ವಾಸದ ಕ್ರಿಯೆಯೂ ಅವಧಾನವೂ ಒಂದೇ ಅಲ್ಲ. ಆದರೂ ಅಭ್ಯಾಸವು ಔಷಧದ ಸಮೀಪಕ್ಕೆ ಬಂದಿತೆಂಬದೂ, ಅತ್ಯಂತ ತೀವ್ರವಾದ ರೋಗದಲ್ಲಿ ವೈದ್ಯನ ವಿದ್ಯುತ್‌ಚಿಕಿತ್ಸೆಯೇ ಎಲ್ಲಕ್ಕೂ ಮುಂದಾಯಿತೆಂಬದೂ ಎರಡೂ ಗಮನಿಸತಕ್ಕವು. ನಮ್ಮ ಕೆಲವು ಭಾಷಣಕಾರರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುವರು.

ಇನ್ನು ದೃಷ್ಟಿಯೋಗದ ಮಾತು. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಎವೆಯಿಕ್ಕದೆ ನೋಡುವದು ನಮ್ಮ ಶಿವಯೋಗದ ಪ್ರಾಣ. ಅಲ್ಲಮಪ್ರಭುಗಳಿಗೆ ನೆಲದೊಳಗಣ ಗುಡಿಯಲ್ಲಿ ಕಾಣಿಸಿದ ಅನಿಮಿಷಯ್ಯನ ಹೆಸರೇ ಇದರಿಂದ ಬಂದುದು. ಇದಕ್ಕೆ ಹತ್ತಿರದ ಅಭ್ಯಾಸವು ಹಠಯೋಗದಲ್ಲಿ ತ್ರಾಟಕವೆಂದಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು 30 ಮಂದಿಯ ಮೇಲೆ ಮಾಡಿ ಸನ್ 2016 ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಹಸಿರು ಶಾಯಿಯಲ್ಲಿ 'ಕೆಂಪು' ಎಂದು ಬರೆದು, ಅಕ್ಷರವನ್ನು ಓದದೆ ಬಣ್ಣವನ್ನು ಹೇಳೆಂದರೆ ಬಾಯಿಯು ತೊದಲುವದು. ಓದುವ ಹಳೆಯ ಅಭ್ಯಾಸವು ನೋಡುವದಕ್ಕೆ ಅಡ್ಡ ಬರುವದು. ತ್ರಾಟಕ ಮಾಡಿದ ಕೂಡಲೆ ಈ ತೊದಲು ಕಡಿಮೆಯಾಯಿತು. ಇದು ಸ್ವಸ್ಥರ ಚಿತ್ತದ ಏಕಾಗ್ರತೆಯ ಅಳತೆ, ರೋಗದ ಅಳತೆಯಲ್ಲ. ದೀಪದ ಕುಡಿಯನ್ನು ನೋಡಿದವರ ಫಲವನ್ನು ತಂದು ಇಷ್ಟಲಿಂಗಪೂಜೆಯ ಫಲವೆಂದು ಸಾರುವದು ನ್ಯಾಯಶಾಸ್ತ್ರಕ್ಕೆ ಒಪ್ಪುವಂಥದಲ್ಲ. ಹೋಲುವದು ಎಂದು ಹೇಳಬಹುದು. ಸಿದ್ಧವಾಯಿತು ಎಂದು ಹೇಳಬಾರದು.

ಪ್ರತಿಕೂಲವಾದ ಫಲಗಳನ್ನೂ ಮುಚ್ಚಿಡತಕ್ಕದ್ದಲ್ಲ. ಎಂಟು ವಾರಗಳ ಅಭ್ಯಾಸದಿಂದ ಮೆದುಳಿನ ಆಕಾರವೇ ಬದಲಾಗುವದೆಂದು ಕೆಲವು ಕಾಲ ದೊಡ್ಡ ಸುದ್ದಿಯಾಗಿತ್ತು. ಸನ್ 2022 ರಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಅಂಥ ಬದಲಾವಣೆಯು ಕಂಡುಬರಲಿಲ್ಲ. ಅದೇ ವರ್ಷ ಬ್ರಿಟನ್ನಿನ 85 ಶಾಲೆಗಳಲ್ಲಿ ಮಕ್ಕಳಿಗೆ ಅವಧಾನವನ್ನು ಪಾಠದಂತೆ ಕಲಿಸಿದ ದೊಡ್ಡ ಪ್ರಯೋಗದಲ್ಲಿ, ಎಂದಿನ ಶಾಲಾಶಿಕ್ಷಣಕ್ಕಿಂತ ಹೆಚ್ಚಿನ ಲಾಭವಾಗಲಿಲ್ಲವೆಂದು ತಿಳಿಯಿತು. ಬಹುಮಂದಿ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಬೇಡವೆನ್ನುವವನಿಗೆ ದೀಕ್ಷೆ ಕೊಟ್ಟರೆ ಏನಾಗುವದೆಂಬದು ಮಠದವರಿಗೆ ಗೊತ್ತಿಲ್ಲವೆ! ಸನ್ 2020 ರಲ್ಲಿ 83 ಅಧ್ಯಯನಗಳನ್ನು ಶೋಧಿಸಿದವರು, ಧ್ಯಾನದಲ್ಲಿ ತೊಡಗಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಆತಂಕ, ಖಿನ್ನತೆ ಮೊದಲಾದ ತೊಂದರೆಗಳು ಕಂಡುದನ್ನು ಎಣಿಸಿದರು. ಮೌನವಾಗಿ ಕುಳಿತಾಗ ಕೆಲವರಿಗೆ ಶಾಂತಿಯು ಬರುವದಿಲ್ಲ. ಅದುಮಿಟ್ಟ ಭಯವು ಮೇಲೆದ್ದು ಬರುವದು. ಕಿವಿಯಲ್ಲಿ ಯಾರೋ ಮಾತನಾಡಿದಂತಾಗುವವರನ್ನು, ಕಂಡವರೆಲ್ಲ ತನಗೆ ಕೇಡು ಬಗೆಯುವರೆಂದು ನಂಬಿರುವವರನ್ನು, ಪ್ರಾಣವನ್ನು ತೊರೆಯುವ ಮಾತಾಡುವವರನ್ನು ಕೋಣೆಯಲ್ಲಿ ಕೂಡಿಸಿ 'ಧ್ಯಾನ ಮಾಡು' ಎನ್ನುವದು ಧರ್ಮವಲ್ಲ. ಅವರನ್ನು ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈ ಸೀಮೆಯಲ್ಲಿ ಒಬ್ಬ ಗೃಹಸ್ಥರಿದ್ದರು. ಊರು ಹೆಸರು ಬೇಡ. ಗುಳಿಗೆಯಿಂದ ಚೆನ್ನಾಗಿ ಸುಧಾರಿಸಿಕೊಂಡು ಹೊಲಕ್ಕೆ ಹೋಗಿ ಬರುತ್ತಿದ್ದರು. 'ಕೊರಳಲ್ಲಿ ಲಿಂಗವಿರಲು ಗುಳಿಗೆ ಏಕೆ?' ಎಂದು ಯಾರೋ ದೊಡ್ಡವರೆನಿಸಿಕೊಂಡವರು ಹೇಳಿದ ಮಾತಿಗೆ ಗುಳಿಗೆಯನ್ನು ಬಿಟ್ಟರು. ಮೂರು ತಿಂಗಳಲ್ಲಿ ಮನೆಮಂದಿಯ ಗುರುತೂ ಹತ್ತದಂತಾಯಿತು. ಮರಳಿ ಧಾರವಾಡದ ಆಸ್ಪತ್ರೆಗೆ ಒಯ್ಯಬೇಕಾಯಿತು. ಮಧುಮೇಹದವನಿಗೆ, ಹಾವು ಕಡಿದವನಿಗೆ ನಾವು ಈ ಮಾತನ್ನು ಹೇಳುವೆವೆ? ಮನೋರೋಗಿಗೆ ಮಾತ್ರ ಹೇಳುವೆವು. ಏಕೆಂದರೆ ಅವನ ರೋಗವನ್ನು ನಾವು ಭಕ್ತಿಯ ಕೊರತೆಯೆಂದು ತಿಳಿದಿರುವೆವು.

ಧಾರವಾಡದ ಆ ಆಸ್ಪತ್ರೆಯು ಸನ್ 1845 ರಷ್ಟು ಹಳೆಯದು. ಈಗ ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿದೆ. ನಮ್ಮ ಹಳ್ಳಿಗಳಲ್ಲಿ 'ಧಾರವಾಡಕ್ಕ ಕಳಿಸಬೇಕು' ಎಂಬದು ಇಂದಿಗೂ ಬೈಗುಳವಾಗಿ ಉಳಿದಿರುವದು ನಾಚಿಕೆಯ ಸಂಗತಿ. ಸನ್ 2015–16 ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಒಂದಿಲ್ಲೊಂದು ಮನೋರೋಗದಿಂದ ಬಳಲುತ್ತಿದ್ದರು. ಖಿನ್ನತೆ, ಆತಂಕಗಳಂಥ ಸಾಮಾನ್ಯ ರೋಗವುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯು ದೊರೆತಿರಲಿಲ್ಲ. ಹಳ್ಳಿಯ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಿ ಜನರ ಬಾಗಿಲಿಗೆ ಒಯ್ಯುವ ಪ್ರಯತ್ನವು ಸನ್ 1985 ರಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ಆರಂಭವಾಗಿ, ದೇಶಕ್ಕೆಲ್ಲ ಮಾದರಿಯಾಯಿತು. ಮಾದರಿಯನ್ನು ಕೊಟ್ಟ ನಾಡಿನವರಾದ ನಾವೇ ಬಾಗಿಲು ಮುಚ್ಚಿಕೊಂಡು ಕುಳಿತರೆ ಯಾರನ್ನು ದೂರುವದು?

ಇಲ್ಲಿ ಹಿರಿಯರೊಬ್ಬರು ನನ್ನೊಡನೆ ಒಂದು ಆಕ್ಷೇಪವನ್ನೆತ್ತಿದ್ದರು, ಅದು ಗೌರವಕ್ಕೆ ಪಾತ್ರವಾದುದು. 'ಅವಧಾನವನ್ನು ಔಷಧದಂತೆ ತೂಗಿ ನೋಡುವದರಿಂದ ಪೂಜೆಯು ಫಲಾಪೇಕ್ಷೆಯ ವ್ಯಾಪಾರವಾಗುವದಿಲ್ಲವೆ? ನಿದ್ರೆ ಬರಲೆಂದು ಲಿಂಗವನ್ನು ನೋಡುವವನು ಭಕ್ತನೆ?' ಎಂದು ಅವರು ಕೇಳಿದರು. ನನ್ನ ಉತ್ತರವಿಷ್ಟೆ. ಎರಡನ್ನೂ ಬೆರೆಸಬಾರದು. ಪೂಜೆಗೆ ಅಳತೆಗೋಲಿಲ್ಲ, ಇರಬೇಕಾಗಿಯೂ ಇಲ್ಲ. ಸನ್ 2016 ರ ಲೆಕ್ಕವು ತಲೆಕೆಳಗಾದರೂ ಪ್ರಸಾದಿಯ ಅವಧಾನಭಕ್ತಿಗೆ ಕುಂದಿಲ್ಲ. ಆದರೆ ರೋಗಿಯು ಉಪಶಮನಕ್ಕಾಗಿ ಮಾಡುವ ಅಭ್ಯಾಸವನ್ನು ಪೂಜೆಯೆಂದು ಕರೆಯುವದೂ ಬೇಡ. ಅದು ಶ್ವಾಸದ ಮೇಲಾಗಲಿ, ನಡೆಯುವ ಹೆಜ್ಜೆಯ ಮೇಲಾಗಲಿ, ಕಾಯಕದ ಮೇಲಾಗಲಿ ಆಗಬಹುದು, ಲಿಂಗಧಾರಿಯಲ್ಲದವನೂ ಮಾಡಬಹುದು. ನವಲಗುಂದದಲ್ಲಿ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುವ ತಾಯಂದಿರನ್ನು ನೋಡಿರಿ. ಎಳೆಯ ಎಣಿಕೆ ತಪ್ಪಿದರೆ ಚಿತ್ತಾರ ಕೆಡುವದು. ಮನಸ್ಸು ಸಾಲದ ಕಡೆಗೆ ಓಡಿದರೆ ಎಣಿಕೆ ತಪ್ಪುವದು. ಆಗ ಅವರು ತಮ್ಮನ್ನು ಬೈದುಕೊಳ್ಳುತ್ತ ಕೂಡ್ರದೆ ಆ ಎಳೆಗೇ ಮರಳುವರು. ಓಡಿದ್ದನ್ನು ಕಾಣುವದು, ಮರಳುವದು: ಎಂಟು ವಾರಗಳ ಶಿಕ್ಷಣದಲ್ಲಿ ಕಲಿಸುವದೂ ಬಹುಮಟ್ಟಿಗೆ ಇಷ್ಟನ್ನೇ.

ಸಾಲದ ಮಾತು ಬಂದುದರಿಂದ ಇನ್ನೊಂದು ಮಾತು. ಬೆಳೆಯ ಬೆಲೆ ಬಿದ್ದುದಕ್ಕೆ, ಕಾಲುವೆಗೆ ನೀರು ಬಾರದುದಕ್ಕೆ ಅವಧಾನವು ಮದ್ದಲ್ಲ. ಹಸಿದವನಿಗೆ 'ಹಸಿವನ್ನು ಸಾಕ್ಷಿಯಾಗಿ ನೋಡು' ಎನ್ನುವದು ಕ್ರೌರ್ಯ. ದಾಸೋಹದ ಮಠದಲ್ಲಿ ಆ ಮಾತು ಹುಟ್ಟಕೂಡದು.

ಪೂಜ್ಯರು ಅಪ್ಪಣೆ ದಯಪಾಲಿಸಿದರೆ ಮಠದಲ್ಲಿ ನಡೆಯಬೇಕಾದುದು ಇದು. ಬೆಳಗಿನ ಪೂಜೆಯಾದ ಬಳಿಕ ಪ್ರತ್ಯೇಕವಾಗಿ ಹತ್ತು ನಿಮಿಷ ಯಾರು ಬೇಕಾದರೂ ಬಂದು ಕೂಡ್ರಬಹುದು. ಬೆನ್ನು ನೆಟ್ಟಗಿರಲಿ, ಕಣ್ಣು ಅರ್ಧ ಮುಚ್ಚಿರಲಿ. ಉಸಿರು ಮೂಗಿನಲ್ಲಿ ಬರುವದನ್ನೂ ಹೋಗುವದನ್ನೂ ನೋಡುತ್ತಿರಲಿ. ಮನಸ್ಸು ಹೊರಟುಹೋದರೆ, ಹೋಯಿತೆಂದು ತಿಳಿದು ಮರಳಿ ತರಲಿ. ನೂರು ಸಲ ಹೋದರೆ ನೂರು ಸಲ ತರಬೇಕು, ತರುವದೇ ಅಭ್ಯಾಸ. ಎಂಟು ವಾರ ಬಿಡದೆ ಮಾಡಿ ನೋಡಲಿ. ಕುಳಿತಾಗ ಭಯವು ಹೆಚ್ಚಾದರೆ ನಿಲ್ಲಿಸಿ ಹೇಳಲಿ. ಗುಳಿಗೆ ನುಂಗುವವರು ವೈದ್ಯರ ಮಾತಿಲ್ಲದೆ ಒಂದು ಗುಳಿಗೆಯನ್ನೂ ಬಿಡಕೂಡದು. ಎರಡು ವಾರಕ್ಕೂ ಮಿಕ್ಕಿ ನಿದ್ರೆ, ಊಟ, ಕೆಲಸ ಮೂರೂ ಕೆಟ್ಟವರನ್ನು ತಾಲೂಕಿನ ಆಸ್ಪತ್ರೆಗಾಗಲಿ ಧಾರವಾಡಕ್ಕಾಗಲಿ ಮಠದ ಸೇವಕರೊಬ್ಬರು ಜೊತೆಗೂಡಿ ಕರೆದೊಯ್ಯಲಿ. ಒಬ್ಬರೇ ಹೋಗಲು ಅಂಜುವವರು ಬಹಳ. ರಾತ್ರಿಯ ವೇಳೆಯಲ್ಲಿ ಮನಸ್ಸು ತಡೆಯಲಾರದಂತಾದವರಿಗೆ ಸರಕಾರವು ಸನ್ 2022 ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿಯ ಸೇವೆಯುಂಟು. ಅದರ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡುವರು, ಹಣ ಬೀಳುವದಿಲ್ಲ. ಈ ಸಂಖ್ಯೆಯನ್ನು ದಾಸೋಹಮನೆಯ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಲು ಅನುಮತಿಯನ್ನು ಬೇಡುತ್ತೇನೆ.